ನಾಯಿಸಾಸಿವೆ ಹಿಡಿದು ಮಾಡಿದ ಸಾಸಿವೆ ಪಾಠ: ಸಾಸಿವೆ ಕುಟುಂಬದ ಗಿಡಗಳನ್ನು ಗುರುತಿಸುವುದು ಹೇಗೆ?

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ಸಿಕ್ಕಿದ್ದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ, 7ನೇ ತರಗತಿ. ಪಾಠ: ಸಸ್ಯಗಳಲ್ಲಿ ಸಂತಾನೋತ್ಪತ್ತಿ. ಹೂವಿನ ಭಾಗಗಳನ್ನು ತೋರಿಸಲು ಎಲ್ಲರೂ ದಾಸವಾಳವನ್ನೇ ಒಯ್ಯುತ್ತಾರೆ, ನಾನು ಸ್ಥಳೀಯವಾದ ಒಂದು ಹೂವನ್ನು ಒಯ್ಯಬೇಕು ಎಂದು ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು. ಸಾಸಿವೆ ಹೂವಿನ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಸ್ಸಿಳಿದು ಶಾಲೆಗೆ ನಡೆಯುವ ದಾರಿಯಲ್ಲಿ, ತೊಗರಿ ಹೊಲದ ಬದುವಿನ ಮೇಲೆ, ಹಳದಿ ಹೂಬಿಟ್ಟ ಗಿಡಗಳು ಕಂಡವು. ನಾಲ್ಕು ಎಸಳು, ಉದ್ದನೆಯ ತೆಳು ಕಾಯಿ. ಒಂದು ಹಿಡಿ ಕಿತ್ತುಕೊಂಡು ಹೋದೆ.

ಕಪ್ಪು ಹಲಗೆಯ ಮೇಲೆ ‘ಸಾಸಿವೆ: ಪುಷ್ಪಪತ್ರ 4, ದಳ 4, ಕೇಸರ 6’ ಎಂದು ಬರೆದು ಗುಂಪಿಗೊಂದು ಗಿಡ ಕೊಟ್ಟೆ. ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಇದು ಸಾಸ್ವಿ ಅಲ್ರಿ, ನಾಯಿಸಾಸ್ವಿ ಅದರಿ” ಎಂದಳು. ಹೆಸರಿನಲ್ಲಿ ಸಾಸಿವೆ ಇದೆಯಲ್ಲ, ಕಾಡು ಜಾತಿಯ ಸಾಸಿವೆ ಇರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡು ಮುಂದುವರಿದೆ. ಕೇಸರಗಳನ್ನು ಎಣಿಸಲು ಹೇಳಿದಾಗ ಒಂದು ಗುಂಪು 14 ಎಂದಿತು, ಇನ್ನೊಂದು 17 ಎಂದಿತು. ಮತ್ತೊಂದು ಗುಂಪಿನವರು ಎಣಿಸಿ ಮುಗಿಸಿಯೇ ಇರಲಿಲ್ಲ. ನಾನು ಹಲಗೆಯತ್ತ ಕೈ ತೋರಿಸಿ, “ಆರು ಇರಬೇಕು, ಸರಿಯಾಗಿ ಎಣಿಸಿ” ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಮ್ಮ ಪುಸ್ತಕದಲ್ಲಿ 14 ಹೊಡೆದು ಹಾಕಿ 6 ಎಂದು ಬರೆದುಕೊಂಡರು.

ಪಾಠ ವೀಕ್ಷಣೆಗೆ ಬಂದಿದ್ದ ಮೇಲ್ವಿಚಾರಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಹಲಗೆ ಬರಹ, ಸಮಯಪಾಲನೆ ಎಲ್ಲಕ್ಕೂ ಒಳ್ಳೆಯ ಮಾತನ್ನೇ ಬರೆದು, ಕೊನೆಗೆ ಒಂದೇ ಸಾಲು ಸೇರಿಸಿದ್ದರು: “ಮಕ್ಕಳ ಎಣಿಕೆ ಸರಿ ಇತ್ತು.” ಆ ಸಾಲು ಓದಿದ ಮೇಲೆ ಮನೆಗೆ ಹೋಗಿ ಕಿತ್ತು ತಂದಿದ್ದ ಗಿಡವನ್ನು ಮತ್ತೆ ನೋಡಿದೆ. ಈ ಲೇಖನ ಅಲ್ಲಿಂದ ಶುರುವಾದದ್ದು. ಮುಂದೆ ಡಿಸೆಂಬರಿನಲ್ಲಿ ಆಳಂದ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಇದೇ ವಿಷಯವನ್ನು 8 ಮತ್ತು 9ನೇ ತರಗತಿಯ ಮಕ್ಕಳೊಂದಿಗೆ ಮತ್ತೊಮ್ಮೆ, ಈ ಸಲ ನಿಜವಾದ ಸಾಸಿವೆಯೊಂದಿಗೆ, ಮಾಡಿದೆ. ಎರಡೂ ಸೇರಿಸಿ ಬರೆಯುತ್ತಿದ್ದೇನೆ.

ತಪ್ಪಿನ ಮೊದಲ ಸುಳಿವು ಹೂವಿಗಿಂತ ಮುಂಚೆ ಕ್ಯಾಲೆಂಡರಿನಲ್ಲೇ ಇತ್ತು. 8ನೇ ತರಗತಿಯ ವಿಜ್ಞಾನ ಪುಸ್ತಕದ ಬೆಳೆಗಳ ಪಾಠದಲ್ಲಿ ಹಿಂಗಾರಿನ ಬೆಳೆಗಳ ಹೆಸರು ಹೇಳುವಾಗ ಗೋಧಿ, ಕಡಲೆ, ಬಟಾಣಿ, ಅಗಸೆಯ ಜೊತೆ ಸಾಸಿವೆಯೂ ಇದೆ. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿ ಚಳಿಯಲ್ಲಿ ಹೂಬಿಡುವ ಗಿಡ ಅದು. ಆಗಸ್ಟಿನಲ್ಲಿ, ಹೊಲದಲ್ಲಿ ತೊಗರಿ ಇನ್ನೂ ಎಳೆಯದಿರುವಾಗ, ಬದುವಿನ ಮೇಲೆ ತಾನಾಗಿ ಎದ್ದು ಹೂಬಿಟ್ಟ ಗಿಡ ಸಾಸಿವೆ ಹೇಗಾದೀತು? ನಮ್ಮೂರು ಅಫಜಲಪುರದ ಕಡೆ. ಭೀಮಾ ದಂಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಇರುವಾಗ ಮನೆಗೆ ಬೇಕಾಗುವಷ್ಟು ಸಾಸಿವೆಯನ್ನು ಅಂಚಿನಲ್ಲಿ ಹಾಕುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆದರೂ ಪುಸ್ತಕದ ಚಿತ್ರ ತಲೆಯಲ್ಲಿ ಕೂತಿದ್ದರಿಂದ ಹೊಲ ಮರೆತುಹೋಗಿತ್ತು.

ನಾಲ್ಕು ಎಸಳು ಎಂಬ ಬಲೆ

ಸಾಸಿವೆ ಕುಟುಂಬಕ್ಕೆ ಸಸ್ಯಶಾಸ್ತ್ರದಲ್ಲಿ ಬ್ರಾಸಿಕೇಸಿ ಎಂದು ಹೆಸರು. ಹಳೆಯ ಹೆಸರು ಕ್ರೂಸಿಫೆರೆ, ಎಂದರೆ ಶಿಲುಬೆ ಹೊತ್ತದ್ದು. ನಾಲ್ಕು ಎಸಳುಗಳು ಎದುರುಬದುರಾಗಿ ಕೂಡಿಸುವ ಚಿಹ್ನೆಯಂತೆ ಹರಡಿಕೊಳ್ಳುವುದರಿಂದ ಆ ಹೆಸರು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 4000 ಪ್ರಭೇದಗಳಿವೆ, ಹೆಚ್ಚಿನವು ತಂಪು ಪ್ರದೇಶದವು. ನಮ್ಮಂಥ ಬಿಸಿಲ ನಾಡಿನಲ್ಲಿ ಕಾಡಿನಲ್ಲಿ ಬೆಳೆಯುವವು ಕಡಿಮೆ, ಸಿಗುವುದೆಲ್ಲ ಬಹುತೇಕ ಅಡುಗೆಮನೆಯ ಸಂಬಂಧಿಕರು: ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು, ಬಾಣಂತಿಗೆ ಪಾಯಸ ಮಾಡಿಕೊಡುವ ಅಳವಿ ಬೀಜ.

ಎಲ್ಲ ಪುಸ್ತಕಗಳೂ ಮೊದಲು ಹೇಳುವ ಲಕ್ಷಣ ನಾಲ್ಕು ಎಸಳು. ನನ್ನ ಅನುಭವದಲ್ಲಿ ಮಕ್ಕಳಿಗೆ ಮೊದಲು ಹೇಳಬಾರದ ಲಕ್ಷಣವೂ ಅದೇ. ಆಳಂದದ ಶಾಲೆಯಲ್ಲಿ “ನಾಲ್ಕು ಎಸಳಿನ ಹೂ ತನ್ನಿ” ಎಂದಿದ್ದಕ್ಕೆ ಮರುದಿನ ಮೇಜಿನ ಮೇಲೆ ಏನೇನೋ ಬಂದು ಬಿದ್ದವು. ಶಾಲೆಯ ಕಾಂಪೌಂಡಿನ ಇಕ್ಸೋರಾ ಗೊಂಚಲು ಬಂತು. ಅದರ ಎಸಳುಗಳು ಬುಡದಲ್ಲಿ ಒಂದಾಗಿ ಉದ್ದ ಕೊಳವೆಯಾಗಿವೆ. ಸಾಸಿವೆಯ ಎಸಳನ್ನು ಒಂದೊಂದಾಗಿ ಕೀಳಬಹುದು, ಇಕ್ಸೋರಾದ್ದನ್ನು ಎಳೆದರೆ ಕೊಳವೆ ಸಮೇತ ಇಡೀ ಹೂವೇ ಕೈಗೆ ಬರುತ್ತದೆ. ಕಾಲುವೆ ಬದಿಯಿಂದ ಒಬ್ಬ ಲುಡ್ವಿಜಿಯಾ ತಂದಿದ್ದ, ಹಳದಿ ಬಣ್ಣ, ನಾಲ್ಕೇ ಎಸಳು, ಬಿಡಿಬಿಡಿಯಾಗಿಯೇ ಇವೆ. ನೋಡಿದರೆ ಯಾರಾದರೂ ಮೋಸ ಹೋಗುವಂಥದು. ಆದರೆ ಅದರ ಕಾಯಿಯಾಗುವ ಭಾಗ, ಅಂಡಾಶಯ, ಎಸಳುಗಳ ಕೆಳಗೆ ಉದ್ದನೆಯ ತೊಟ್ಟಿನಂತೆ ಇರುತ್ತದೆ. ಸಾಸಿವೆಯಲ್ಲಿ ಅಂಡಾಶಯ ಎಸಳುಗಳ ಮೇಲೆ, ಹೂವಿನ ನಡುವೆ ನಿಂತಿರುತ್ತದೆ. “ಕಾಯಿ ಹೂವಿನ ಒಳಗೋ, ಕೆಳಗೋ?” ಎಂದು ಕೇಳಿದರೆ ಉಚ್ಚ ಅಂಡಾಶಯ, ನೀಚ ಅಂಡಾಶಯ ಎಂಬ ಪದಗಳು ಬೇಕೇ ಆಗುವುದಿಲ್ಲ.

“ನಾಕ್ ಎಸಳ ಇದ್ದದ್ದೆಲ್ಲ ಸಾಸ್ವಿ ಏನ್ರಿ ಮೇಡಂ?” ಎಂದು ಒಬ್ಬ ಹುಡುಗ ಕೇಳಿದ. ಇದೇ ಪ್ರಶ್ನೆಯನ್ನು ನಾನು ಜೇವರ್ಗಿಯಲ್ಲಿ ನನಗೇ ಕೇಳಿಕೊಂಡಿದ್ದರೆ ಆಗುತ್ತಿತ್ತು.

ಹಾಗಾದರೆ ಬೇರೆ ಏನು ನೋಡಬೇಕು? ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲು ಕೇಸರಗಳು. ಸಾಸಿವೆ ಹೂವಿನಲ್ಲಿ ಆರು. ಆರೂ ಒಂದೇ ಎತ್ತರವಲ್ಲ: ಹೊರಸುತ್ತಿನಲ್ಲಿ ಎರಡು ಗಿಡ್ಡ, ಒಳಸುತ್ತಿನಲ್ಲಿ ನಾಲ್ಕು ಉದ್ದ. ಗಿಡ್ಡವು ಎದುರುಬದುರು ನಿಂತಿರುತ್ತವೆ. ಹಣ್ಣೆಲೆಯಂತೆ ಬಾಡಿದ ಹೂವಿನಲ್ಲಿ ಇದು ಕಾಣುವುದಿಲ್ಲ. ನಾಳೆ ಅರಳಬೇಕಾದ ಮೊಗ್ಗು ತೆಗೆದುಕೊಂಡು, ನಾಲ್ಕು ಪುಷ್ಪಪತ್ರಗಳನ್ನು, ಆಮೇಲೆ ನಾಲ್ಕು ಎಸಳುಗಳನ್ನು ಸೂಜಿಯಿಂದ ಬಿಡಿಸಿ ಬಿಳಿ ಹಾಳೆಯ ಮೇಲಿಟ್ಟರೆ ಬರಿಗಣ್ಣಿಗೂ ಕಾಣುತ್ತದೆ. ಎಸಳನ್ನು ಬಿಡಿಸುವಾಗ ಇನ್ನೊಂದು ಗಮನಿಸಿ: ಮೇಲೆ ಅಗಲ, ಕೆಳಗೆ ಸಣ್ಣ ಹಿಡಿಕೆ, ಸೌಟಿನ ಹಾಗೆ. ನಮ್ಮ ತರಗತಿಯಲ್ಲಿ ಮಕ್ಕಳು ಎಸಳು, ಕೇಸರಗಳನ್ನು ಸಾಲಾಗಿ ಅಂಟಿಸಿ ಪಕ್ಕದಲ್ಲಿ ಸಂಖ್ಯೆ ಬರೆದರು. ಈ ಸಲ ಹಲಗೆಯ ಮೇಲೆ ನಾನು ಮುಂಚೆ ಏನನ್ನೂ ಬರೆದಿರಲಿಲ್ಲ. ಎಂಟು ಗುಂಪಿನಲ್ಲಿ ಏಳು ಗುಂಪು 6 ಎಂದಿತು, ಒಂದು 5 ಎಂದಿತು. ಐದು ಎಂದವರ ಹಾಳೆ ನೋಡಿದರೆ ಒಂದು ಗಿಡ್ಡ ಕೇಸರ ಎಸಳಿನ ಜೊತೆಗೇ ಕಿತ್ತು ಬಂದಿತ್ತು, ಅವರೇ ಹುಡುಕಿ ತೆಗೆದರು.

ಈಗ ನಾಯಿಸಾಸಿವೆಗೆ ಬನ್ನಿ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಲಿಯೋಮಿ ವಿಸ್ಕೋಸಾ. ಸಾಸಿವೆ ಕುಟುಂಬದ ಅತಿ ಹತ್ತಿರದ ನೆಂಟ, ಆದರೆ ಬೇರೆ ಕುಟುಂಬ. ಹಳ್ಳಿಯವರು ‘ನಾಯಿ’ ಎಂದು ಸೇರಿಸಿದ್ದಾರೆಂದರೆ ಹಾಗೇ ಕಾಣುವ, ಆದರೆ ಅದಲ್ಲದ್ದು ಎಂದರ್ಥ, ನಾಯಿತುಳಸಿಯ ಹಾಗೆ. ಹೆಸರಿಟ್ಟವರು ಎರಡನ್ನೂ ಸರಿಯಾಗಿ ನೋಡಿಯೇ ಇಟ್ಟಿದ್ದಾರೆ. ಮುಟ್ಟಿದರೆ ಗಿಡವೆಲ್ಲ ಅಂಟಂಟು, ಒಂದು ತೀಕ್ಷ್ಣ ವಾಸನೆ. ಎಲೆ ಸಾಸಿವೆಯಂತೆ ಒಂದೇ ಹಾಳೆಯಲ್ಲ, ಅಂಗೈಯಿಂದ ಬೆರಳು ಹೊರಟಂತೆ ಮೂರು ಅಥವಾ ಐದು ಕಿರುಎಲೆಗಳ ಸಂಯುಕ್ತ ಎಲೆ. ನಾಲ್ಕು ಎಸಳು ಶಿಲುಬೆಯಂತೆ ಹರಡದೆ ಮೇಲ್ಬದಿಗೆ ಒತ್ತಿಕೊಂಡಿರುತ್ತವೆ. ಕೇಸರಗಳು ಹತ್ತಕ್ಕಿಂತ ಹೆಚ್ಚು, ಹೂವಿನಿಂದ ಹೂವಿಗೆ ಬೇರೆ ಬೇರೆ. ಆದ್ದರಿಂದಲೇ ಒಂದು ಗುಂಪಿಗೆ 14, ಇನ್ನೊಂದಕ್ಕೆ 17 ಸಿಕ್ಕಿತ್ತು. ಎರಡೂ ಗುಂಪು ಸರಿಯಾಗಿಯೇ ಎಣಿಸಿದ್ದವು.

ಕೇಸರ ಆರಿದ್ದರೆ ಸಾಸಿವೆ ಕುಟುಂಬ ಎಂದು ಹೇಳಿ ಮುಗಿಸೋಣವೆಂದರೆ ಅದೂ ಆಗುವುದಿಲ್ಲ. ನಾಯಿಸಾಸಿವೆಯ ಅಕ್ಕನಂಥ ಇನ್ನೊಂದು ಗಿಡ ಕ್ಲಿಯೋಮಿ ಗೈನಾಂಡ್ರಾ. ಬಿಳಿ ಹೂ, ಊರ ಹೊರಗಿನ ತಿಪ್ಪೆ ಬದಿಯಲ್ಲಿ ಮಳೆಗಾಲದಲ್ಲಿ ಬೇಕಾದಷ್ಟು. ತರಗತಿಯಲ್ಲಿ ನಾವದನ್ನು ಬಿಳಿ ನಾಯಿಸಾಸಿವೆ ಎಂದೇ ಕರೆದೆವು. ಅದಕ್ಕೆ ಎಸಳು ನಾಲ್ಕು, ಕೇಸರವೂ ಆರು! ಆದರೆ ಕೇಸರಗಳು ಎಸಳಿನ ಬುಡದಿಂದ ಹೊರಡದೆ, ಹೂವಿನ ನಡುವಿನಿಂದ ಎದ್ದ ಉದ್ದ ಕಡ್ಡಿಯೊಂದರ ಅರ್ಧದಲ್ಲಿ ಹುಟ್ಟಿ ಜೇಡನ ಕಾಲಿನಂತೆ ಚಾಚಿಕೊಂಡಿರುತ್ತವೆ, ಮತ್ತು ಆರೂ ಒಂದೇ ಉದ್ದ. ಹೀಗಾಗಿ ಬರೇ ಎಣಿಸಿದರೆ ಸಾಲದು, ಎಲ್ಲಿಂದ ಹೊರಟಿದೆ, ಎಷ್ಟೆತ್ತರ ಇದೆ ಎಂಬುದನ್ನೂ ನೋಡಬೇಕು.

ಇನ್ನೊಂದು ಲಕ್ಷಣ ಪುಸ್ತಕದಲ್ಲಿ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತದೆ, ಹೊಲದಲ್ಲಿ ಮಾತ್ರ ಬಹಳ ಉಪಯೋಗಕ್ಕೆ ಬರುತ್ತದೆ. ಸಾಸಿವೆಯ ಹೂಗೊಂಚಲಿನಲ್ಲಿ ಪ್ರತಿ ಹೂವಿನ ತೊಟ್ಟು ಕಾಂಡವನ್ನು ಸೇರುವ ಜಾಗ ನೋಡಿ: ಅಲ್ಲಿ ಕೆಳಗೆ ಎಲೆಯೂ ಇಲ್ಲ, ಎಲೆಯಂಥ ಚೂರೂ ಇಲ್ಲ. ಬೋಳು. ನಾಯಿಸಾಸಿವೆಯಲ್ಲಿ ಪ್ರತಿ ಹೂವೂ ಒಂದು ಸಣ್ಣ ಎಲೆಯ ಕಂಕುಳಲ್ಲಿ ಕೂತಿರುತ್ತದೆ. ಇದಕ್ಕೆ ಸೂಜಿ ಬೇಡ, ಲೆನ್ಸ್ ಬೇಡ, ಬದುವಿನ ಮೇಲೆ ನಿಂತೇ ನೋಡಬಹುದು. ಅಂದು ಇದೊಂದನ್ನು ನೋಡಿದ್ದರೆ ಸಾಕಿತ್ತು.

ಕಾಯಿಯೊಳಗಿನ ತೆರೆ

ನನ್ನನ್ನು ಕೇಳಿದರೆ ಸಾಸಿವೆ ಕುಟುಂಬದ ನಿಜವಾದ ಗುರುತು ಕಾಯಿಯಲ್ಲಿದೆ. ನಮ್ಮ ಮೂರೂ ತಾಲ್ಲೂಕಿನ ಮಕ್ಕಳಿಗೆ ಇದನ್ನು ಕಲಿಸಲು ಇರುವಂಥ ಅನುಕೂಲ ಬೇರೆ ಕಡೆ ಇಲ್ಲ. ಯಾಕೆಂದರೆ ಇದು ತೊಗರಿಯ ನಾಡು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಡಿಸೆಂಬರಿನಲ್ಲಿ ಯಾವ ಮಗುವಿನ ಚೀಲದಲ್ಲಿ ಬೇಕಾದರೂ ಹಸಿ ತೊಗರಿಕಾಯಿ ಸಿಗುತ್ತದೆ. ಹಾಗಾಗಿ ಪ್ರತಿ ಗುಂಪಿಗೆ ಒಂದು ತೊಗರಿಕಾಯಿ, ಒಂದು ಬಲಿತ ಸಾಸಿವೆಕಾಯಿ ಕೊಟ್ಟು, “ಎರಡನ್ನೂ ಬಿಚ್ಚಿ, ಕಾಳು ಎಲ್ಲಿಗೆ ಅಂಟಿಕೊಂಡಿದೆ ನೋಡಿ” ಎಂದಷ್ಟೇ ಹೇಳಿದೆ.

ತೊಗರಿಕಾಯಿ ಎರಡು ಹೋಳಾಗುತ್ತದೆ. ಕಾಳೆಲ್ಲ ಒಂದೇ ಅಂಚಿಗೆ ಅಂಟಿರುತ್ತವೆ, ಹೋಳು ತೆಗೆದ ಮೇಲೆ ನಡುವೆ ಏನೂ ಉಳಿಯುವುದಿಲ್ಲ. ಸಾಸಿವೆಕಾಯಿಯೂ ಎರಡು ಹೋಳಾಗುತ್ತದೆ, ಆದರೆ ಹೋಳುಗಳು ಬುಡದಿಂದ ಮೇಲಕ್ಕೆ ಬಿಚ್ಚಿಕೊಂಡು ಉದುರಿದ ಮೇಲೆ ನಡುವೆ ಒಂದು ಚೌಕಟ್ಟು ನಿಂತಿರುತ್ತದೆ. ಚೌಕಟ್ಟಿಗೆ ಈರುಳ್ಳಿ ಸಿಪ್ಪೆಯಂಥ ತೆಳುವಾದ, ಬೆಳಕು ಹಾಯುವ ತೆರೆ. ಕಾಳುಗಳು ಚೌಕಟ್ಟಿನ ಎರಡೂ ಅಂಚಿಗೆ, ತೆರೆಯ ಎರಡೂ ಬದಿಗೆ ಅಂಟಿಕೊಂಡಿರುತ್ತವೆ. ಒಬ್ಬ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಮೇಡಂ, ಇದ್ರಾಗ ಗಾಜ್ ಕೂಡ್ಸ್ಯಾರ್ರಿ” ಎಂದಳು. ರಾಶಿ ಮಾಡಿದ ಮೇಲೆ ಉಳಿದ ಸಾಸಿವೆ ಕಡ್ಡಿಗಳ ಮೇಲೆ ಈ ತೆರೆಗಳು ಬಿಸಿಲಿಗೆ ಮಿರಮಿರ ಹೊಳೆಯುತ್ತವೆ, ನಮ್ಮ ಹೊಲದಲ್ಲಿ ಎಷ್ಟೋ ಸಲ ನೋಡಿದ್ದೆ. ಅದು ಏನೆಂದು ಕೇಳಿಕೊಂಡಿರಲಿಲ್ಲ.

ಪುಸ್ತಕದ ಭಾಷೆಯಲ್ಲಿ ಹೇಳಬೇಕಾದರೆ ತೊಗರಿ ಒಂದೇ ಕಾರ್ಪೆಲಿನ ಕಾಯಿ, ಸಾಸಿವೆ ಎರಡು ಕಾರ್ಪೆಲ್ ಕೂಡಿ ಆದದ್ದು. ಅಂಡಕಗಳು ಗೋಡೆಗೆ ಅಂಟಿರುತ್ತವೆ, ಒಂದೇ ಕೋಣೆಯಾಗಬೇಕಿದ್ದದ್ದು ಈ ಸುಳ್ಳು ತೆರೆಯಿಂದ ಎರಡಾಗುತ್ತದೆ. ನಾಯಿಸಾಸಿವೆಯ ಕಾಯಿಯೂ ಉದ್ದ, ತೆಳು, ನೆಟ್ಟಗೆ. ಆದರೆ ಬಿಚ್ಚಿದರೆ ತೆರೆ ಇಲ್ಲ, ಮತ್ತು ಅದು ತುದಿಯಿಂದ ಕೆಳಕ್ಕೆ ಸೀಳುತ್ತದೆ. ಒಂದು ಬುಡದಿಂದ, ಒಂದು ತುದಿಯಿಂದ: ಇದನ್ನು ಮಕ್ಕಳು ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ.

ಕಾಯಿಯಲ್ಲೂ ಅಪವಾದಗಳಿವೆ. ಆಳಂದದ ಶಾಲೆಯ ಬಿಸಿಯೂಟದ ಕೈತೋಟದಲ್ಲಿ ಕೀಳದೆ ಬಿಟ್ಟ ಮೂಲಂಗಿ ಹೂವಿಗೆ ಬಂದಿತ್ತು. ಬಿಳಿ ಮಿಶ್ರಿತ ನೇರಳೆ ಎಸಳು, ಎಸಳಿನ ಮೇಲೆ ಗೆರೆಗೆರೆ, ಕೇಸರ ಆರು, ಗಿಡ್ಡ ಎರಡು, ಎಲ್ಲ ಸರಿ. ಆದರೆ ಕಾಯಿ ಉಬ್ಬುಬ್ಬಾಗಿ, ಕಾಳಿನ ನಡುವೆ ಸೊಂಟ ಕಟ್ಟಿದಂತೆ ಇರುತ್ತದೆ. ಒಳಗೆ ಬೆಂಡಿನಂಥ ತಿರುಳು. ಒಣಗಿದರೂ ಬಾಯಿ ಬಿಡುವುದಿಲ್ಲ. “ಹಂಗಾದ್ರ ಮೂಲಂಗಿ ಹೊರಗ್ರಿ” ಎಂದು ಒಂದು ಗುಂಪು ತೀರ್ಪು ಕೊಟ್ಟುಬಿಟ್ಟಿತು. ಒಂದು ಲಕ್ಷಣ ತಪ್ಪಿದರೆ ಗಿಡವನ್ನು ಮನೆಯಿಂದ ಹೊರಗೆ ಹಾಕಬೇಕೇ, ಉಳಿದವನ್ನೂ ನೋಡಬೇಕೇ ಎಂಬ ಚರ್ಚೆ ಅರ್ಧ ಪೀರಿಯಡ್ ತಿಂದಿತು. ಪಾಠ ಯೋಜನೆಯಲ್ಲಿ ಅದಕ್ಕೆ ನಾನು ಸಮಯವನ್ನೇ ಇಟ್ಟಿರಲಿಲ್ಲ. ನನ್ನ ಮಟ್ಟಿಗೆ ಇಡೀ ಇಂಟರ್ನ್‌ಶಿಪ್ಪಿನ ಒಳ್ಳೆಯ ಅರ್ಧ ಗಂಟೆ ಅದೇ.

ಅಳವಿಯದು ಇನ್ನೊಂದು ಬಗೆ. ಕಾಳನ್ನು ಕಿರಾಣಿ ಅಂಗಡಿಯಿಂದ ತಂದು ಕುಂಡದಲ್ಲಿ ಬಿತ್ತಿದರೆ ಬೇಗ ಮೊಳೆತು ಹೂವಿಗೆ ಬರುತ್ತದೆ. ಹೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಬಿಳಿ. ಕಾಯಿ ಉದ್ದವಾಗಿರದೆ ಚಪ್ಪಟೆಯಾಗಿ, ದುಂಡಗೆ, ಸಣ್ಣ ಬಿಲ್ಲೆಯಂತಿರುತ್ತದೆ. ಉದ್ದ ಕಾಯಿಗೆ ಸಿಲಿಕ್ವಾ, ಗಿಡ್ಡ ಕಾಯಿಗೆ ಸಿಲಿಕ್ಯುಲಾ ಎಂದು ಬೇರೆ ಬೇರೆ ಹೆಸರಿದೆ. ತೆರೆ ಮಾತ್ರ ಎರಡರಲ್ಲೂ ಇದೆ.

ಎಲೆಕೋಸು, ಹೂಕೋಸುಗಳ ವಿಷಯ ಬೇಗ ಮುಗಿಸಬಹುದು. ಅವು ಹೂಬಿಡಲು ಚಳಿ ಬೇಕು, ನಮ್ಮ ಕಡೆ ಮಾರುಕಟ್ಟೆಗೆ ಬರುವ ಗಡ್ಡೆಯಲ್ಲಿ ಹೂ ಕಾಣಿಸುವುದಿಲ್ಲ. ಹೂಕೋಸಿನಲ್ಲಿ ನಾವು ತಿನ್ನುವುದು ಅರಳಿದ ಹೂವನ್ನಲ್ಲ, ಹೂವಾಗುವ ಮೊದಲೇ ಒತ್ತೊತ್ತಾಗಿ ನಿಂತ ಎಳೆಯ ಹೂಗೊಂಚಲನ್ನು. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಪ್ರಭೇದ ಎಂದು ಹೇಳಿದಾಗ ಮಕ್ಕಳಿಗಿಂತ ಹೆಚ್ಚು ಅಚ್ಚರಿಪಟ್ಟವರು ಬಿಸಿಯೂಟದ ಅಡುಗೆಯವರು. ಕಾಡುಕೋಸಿನ ಒಂದೇ ಗಿಡದಲ್ಲಿ ಒಬ್ಬರು ಎಲೆಗಾಗಿ, ಒಬ್ಬರು ಹೂಗೊಂಚಲಿಗಾಗಿ, ಒಬ್ಬರು ಉಬ್ಬಿದ ಕಾಂಡಕ್ಕಾಗಿ ತಲೆತಲಾಂತರ ಆರಿಸಿ ಬೆಳೆಸುತ್ತ ಬಂದದ್ದರ ಫಲ ಅದು. ಹೂವಿಲ್ಲದ ಈ ತರಕಾರಿಗಳನ್ನು ಕುಟುಂಬಕ್ಕೆ ಸೇರಿಸಲು ಇನ್ನೊಂದು ಸಾಕ್ಷಿ ಬೇಕು; ಅದು ಮೂಗಿಗೆ ಸಂಬಂಧಿಸಿದ್ದು.

ಖಾರದ ಪರೀಕ್ಷೆ

ಇಡೀ ಸಾಸಿವೆ ಕಾಳಿಗೆ ವಾಸನೆ ಇಲ್ಲ. ಜಜ್ಜಿ ತಣ್ಣೀರು ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಮೂಗಿಗೆ ಏರುತ್ತದೆ. ಕಾಳಿನಲ್ಲಿ ಗ್ಲುಕೋಸಿನೋಲೇಟ್ ಎಂಬ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಕೂತಿರುತ್ತವೆ. ಜಜ್ಜಿದಾಗ ನೀರಿನಲ್ಲಿ ಎರಡೂ ಸೇರಿ ಖಾರದ ಐಸೋಥಯೋಸಯನೇಟ್ ಹುಟ್ಟುತ್ತದೆ. ಗಿಡಕ್ಕೆ ಇದು ಹುಳುವಿನಿಂದ ರಕ್ಷಣೆ. ತರಗತಿಯಲ್ಲಿ ಎರಡು ಲೋಟದಲ್ಲಿ ಮಾಡಿದೆವು: ಒಂದರಲ್ಲಿ ಹಸಿ ಕಾಳು ಜಜ್ಜಿ ತಣ್ಣೀರು, ಇನ್ನೊಂದರಲ್ಲಿ ಮೊದಲು ಕುದಿಸಿದ ಕಾಳನ್ನು ಜಜ್ಜಿ ಅದೇ ಅಳತೆಯ ನೀರು. ಹತ್ತು ನಿಮಿಷದ ಮೇಲೆ ಮೊದಲನೆಯ ಲೋಟಕ್ಕೆ ಮೂಗು ಒಡ್ಡಿದವರು ಹಿಂದೆ ಸರಿದರು, ಎರಡನೆಯದಕ್ಕೆ ಏನೂ ಆಗಲಿಲ್ಲ. ಬಿಸಿಗೆ ಕಿಣ್ವ ಕೆಟ್ಟಿತ್ತು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಯಾಕೆ ಖಾರವಲ್ಲ, ಉಪ್ಪಿನಕಾಯಿಗೆ ಹಾಕುವ ಹಸಿ ಸಾಸಿವೆ ಪುಡಿ ಯಾಕೆ ಖಾರ ಎಂಬುದನ್ನು ಮಕ್ಕಳೇ ಹೇಳಿದರು. (ಲೋಟವನ್ನು ದೂರದಿಂದ ಮೂಸಲು ಹೇಳಿ, ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ.) ಹಸಿ ಮೂಲಂಗಿಯ ಖಾರ, ಎಲೆಕೋಸು ಬೇಯುವಾಗಿನ ಘಾಟು ಎಲ್ಲ ಇದೇ ವಂಶದ್ದು.

ಇಲ್ಲೂ ಎಚ್ಚರ ಬೇಕು. ಪಪ್ಪಾಯಿ ಬೀಜ ಅಗಿದು ನೋಡಿ, ಸಾಸಿವೆಯ ಖಾರವೇ. ನುಗ್ಗೆ ಬೇರು ಜಜ್ಜಿದರೂ ಅದೇ ಘಾಟು. ನಾಯಿಸಾಸಿವೆಯಲ್ಲೂ ಇದೇ ಗುಂಪಿನ ವಸ್ತುಗಳಿವೆ. ಇವೆಲ್ಲ ಬ್ರಾಸಿಕೇಲಿಸ್ ಎಂಬ ಒಂದೇ ಗಣಕ್ಕೆ ಸೇರಿದವು, ಕುಟುಂಬ ಮಾತ್ರ ಬೇರೆ. ವಾಸನೆ ಬಂಧುಬಳಗವನ್ನು ತೋರಿಸುತ್ತದೆ, ಮನೆಯ ಬಾಗಿಲನ್ನು ತೋರಿಸುವುದಿಲ್ಲ. ಹುಳುಗಳು ಈ ವಿಷಯದಲ್ಲಿ ನಮಗಿಂತ ಚುರುಕು. ಕೋಸಿನ ಎಲೆ ತೂತು ಮಾಡುವ ಡೈಮಂಡ್ ಬ್ಯಾಕ್ ಪತಂಗ ಈ ಕುಟುಂಬದ ವಾಸನೆ ಹಿಡಿದೇ ಮೊಟ್ಟೆ ಇಡುತ್ತದೆ. ಅದಕ್ಕೇ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಸಿನ ಸಾಲುಗಳ ನಡುವೆ ಸಾಸಿವೆ ಸಾಲು ಹಾಕಿ ಪತಂಗವನ್ನು ಅತ್ತ ಸೆಳೆಯುವ ವಿಧಾನ ಹೇಳಿದ್ದು. ಕೋಸು, ಸಾಸಿವೆ ಎರಡೂ ಒಂದೇ ಮನೆಯವು ಎಂದು ಮಕ್ಕಳಿಗೆ ನಂಬಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ದತ್ತೂರಿ ಕಾಳು

ಇಷ್ಟೆಲ್ಲ ಗುರುತು ಹಿಡಿದು ಆಗಬೇಕಾದ್ದೇನು ಎಂದು ಒಬ್ಬ ಸಹಪಾಠಿ ಕೇಳಿದರು. ನಾಯಿಸಾಸಿವೆಯನ್ನು ಸಾಸಿವೆ ಎಂದರೆ ಯಾರಿಗೂ ಕೇಡಾಗಲಿಕ್ಕಿಲ್ಲ. ಆದರೆ ಸಾಸಿವೆಯ ಜೊತೆ ಬೆಳೆಯುವ ಇನ್ನೊಂದು ಹಳದಿ ಹೂವಿದೆ, ಅದರ ವಿಷಯ ಹಾಗಲ್ಲ.

ಬೀಳು ಬಿದ್ದ ಹೊಲ, ರಸ್ತೆ ಬದಿ, ಹಳ್ಳದ ದಂಡೆ ಎಲ್ಲ ಕಡೆ ಮುಳ್ಳುಮುಳ್ಳಿನ ಎಲೆಯ ಹಳದಿ ದತ್ತೂರಿ ಇರುತ್ತದೆ. ಪುಸ್ತಕದ ಹೆಸರು ಆರ್ಜಿಮೋನ್ ಮೆಕ್ಸಿಕಾನಾ, ಅಮೆರಿಕ ಖಂಡದಿಂದ ಬಂದು ನೆಲೆಸಿದ ಕಳೆ, ಗಸಗಸೆಯ ಕುಟುಂಬದ್ದು. ಚಳಿಗಾಲದಲ್ಲಿ ಹೂಬಿಟ್ಟು ಸಾಸಿವೆ ಬಲಿಯುವ ಹೊತ್ತಿಗೇ ಅದರ ಕಾಳೂ ಬಲಿಯುತ್ತದೆ. ಗಿಡ ನೋಡಿದರೆ ಯಾರೂ ಸಾಸಿವೆ ಎನ್ನುವುದಿಲ್ಲ: ಎಲೆಯ ತುಂಬ ಮುಳ್ಳು, ಮುರಿದರೆ ಅರಿಶಿನ ಬಣ್ಣದ ಹಾಲು, ಎಸಳು ಸಾಮಾನ್ಯವಾಗಿ ಆರು, ಕೇಸರ ಲೆಕ್ಕವಿಲ್ಲದಷ್ಟು, ಮುಳ್ಳಿನ ಕಾಯಿ ತುದಿಯಲ್ಲಿ ಬಾಯಿ ಬಿಡುತ್ತದೆ. ಕಾಳು ಮಾತ್ರ ಗಾತ್ರದಲ್ಲಿ, ಬಣ್ಣದಲ್ಲಿ ಸಾಸಿವೆಯಂತೆಯೇ. ರಾಶಿಯಲ್ಲಿ ಬೆರೆತು ಎಣ್ಣೆಯಾದರೆ ಅದರಲ್ಲಿರುವ ಸ್ಯಾಂಗ್ವಿನಾರಿನ್ ಎಂಬ ವಿಷದಿಂದ ಕಾಲು ಬಾವು, ಉಸಿರಾಟದ ತೊಂದರೆ, ಹೃದಯದ ತೊಂದರೆ ಬರುತ್ತವೆ. 1998ರಲ್ಲಿ ದೆಹಲಿಯಲ್ಲಿ ಇಂಥ ಕಲಬೆರಕೆ ಸಾಸಿವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಅಡುಗೆಗೆ ಕುಸುಬೆ, ಶೇಂಗಾ ಎಣ್ಣೆ ಹೆಚ್ಚು, ಸಾಸಿವೆ ಎಣ್ಣೆ ಬಳಸುವವರು ಕಡಿಮೆ. ಆದರೂ ಒಗ್ಗರಣೆಗೆ ಸಾಸಿವೆ ಇಲ್ಲದ ಮನೆ ಯಾವುದು?

ಪಿ.ಯು. ಪ್ರಥಮ ವರ್ಷದ ಜೀವಶಾಸ್ತ್ರ ಪುಸ್ತಕದಲ್ಲಿ ಅಂಡಕಗಳು ಗೋಡೆಗೆ ಅಂಟಿರುವುದಕ್ಕೆ ಕೊಟ್ಟ ಉದಾಹರಣೆಗಳು ಎರಡು: ಸಾಸಿವೆ ಮತ್ತು ಆರ್ಜಿಮೋನ್, ಒಂದೇ ವಾಕ್ಯದಲ್ಲಿ. ನಾನು ಆ ವಾಕ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆರ್ಜಿಮೋನ್ ಎಂದರೆ ನಮ್ಮ ಮನೆಯ ಹಿತ್ತಲಿನ ದತ್ತೂರಿ ಎಂದು ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಪುಸ್ತಕದಲ್ಲಿ ತಾಯಿಬೇರಿಗೆ, ಎಲೆಗಳ ಪರ್ಯಾಯ ಜೋಡಣೆಗೆ, ಉದ್ದ ಬೇರೆಯಾದ ಕೇಸರಗಳಿಗೆ, ಉಚ್ಚ ಅಂಡಾಶಯಕ್ಕೆ, ಎಲ್ಲದಕ್ಕೂ ಸಾಸಿವೆಯ ಹೆಸರು ಬರುತ್ತದೆ, ಆದರೆ ಬೇರೆ ಬೇರೆ ಪುಟಗಳಲ್ಲಿ ಚದುರಿ. ಒಂದೇ ಗಿಡವನ್ನು ಬೇರು ಸಮೇತ ಕಿತ್ತು ಮೇಜಿನ ಮೇಲಿಟ್ಟರೆ ಆ ಅಧ್ಯಾಯದ ಅರ್ಧ ಭಾಗ ಅಲ್ಲೇ ಇದೆ. ಪಿ.ಯು.ಗೆ ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇದೊಂದೇ.

ರಜೆಯಲ್ಲಿ ಅಫಜಲಪುರಕ್ಕೆ ಹೋದಾಗ ನಮ್ಮ ಆಯಿಯನ್ನು, ಎಂದರೆ ಅಪ್ಪನ ತಾಯಿಯನ್ನು, ಕೇಳಿದೆ: ಸಾಸಿವೆ ಹಸನು ಮಾಡುವಾಗ ದತ್ತೂರಿ ಕಾಳು ಹೇಗೆ ಗೊತ್ತಾಗುತ್ತದೆ? ಆಕೆ ಒಂದಿಷ್ಟು ಕಾಳನ್ನು ಮೊರದಲ್ಲಿ ಹಾಕಿ ಓರೆ ಮಾಡಿದಳು. “ಸಾಸ್ವಿ ಉಳ್ತದ, ಇದು ನಿಲ್ತದ ನೋಡವ್ವ” ಎಂದಳು. ದುಂಡಗಿನ ಸಾಸಿವೆ ಸಲೀಸಾಗಿ ಉರುಳಿ ಹೋಯಿತು. ಒರಟು ಮೈಯ ಕೆಲವು ಕಾಳು ತಡೆದು ನಿಂತವು. ಲೆನ್ಸ್ ಹಿಡಿದು ನೋಡಿದರೆ ದತ್ತೂರಿ ಕಾಳಿನ ಮೇಲೆ ಬಲೆ ಹೆಣೆದಂತೆ ಎದ್ದ ಗೆರೆಗಳು, ಒಂದು ಬದಿಗೆ ಸಣ್ಣ ಮೂತಿ. ಸಾಸಿವೆ ಒಡೆದರೆ ಒಳಗೆ ಹಳದಿ. ಆಯಿ ಶಾಲೆಗೆ ಹೋದವಳಲ್ಲ. ಮರುವಾರ ಇದೇ ಓರೆ ಮೊರದ ವಿಧಾನವನ್ನು ಆಳಂದದ ತರಗತಿಯಲ್ಲಿ ರಟ್ಟಿನ ಹಾಳೆಯ ಮೇಲೆ ಮಾಡಿದೆವು. ಎಲ್ಲ ದತ್ತೂರಿ ಕಾಳೂ ನಿಲ್ಲಲಿಲ್ಲ. ಆದ್ದರಿಂದ ಉರುಳಿದ್ದನ್ನು ಮತ್ತೆ ಕಣ್ಣಿನಿಂದ ಆರಿಸಬೇಕು. ದತ್ತೂರಿ ಕಾಳನ್ನು ನಾನೇ ಎಣಿಸಿ ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಂಡೆ, ಮಕ್ಕಳಿಗೆ ಕೈ ತೊಳೆಸಿದೆ. ಇದನ್ನು ಮಾಡುವವರು ಅಷ್ಟು ಜಾಗ್ರತೆ ತೆಗೆದುಕೊಳ್ಳಲೇಬೇಕು.

ಈಗ ನಾನು ಹೊಲದಲ್ಲಿ ಗಿಡ ನೋಡುವ ಕ್ರಮ ಬದಲಾಗಿದೆ. ಯಾವ ತಿಂಗಳು ಎಂದು ಮೊದಲು ಕೇಳಿಕೊಳ್ಳುತ್ತೇನೆ. ಎಲೆ ಬಿಡಿಯೋ, ಬೆರಳು ಬೆರಳಾಗಿದೆಯೋ. ಮುರಿದರೆ ಬಣ್ಣದ ಹಾಲು ಬರುತ್ತದೆಯೋ. ಹೂತೊಟ್ಟಿನ ಕೆಳಗೆ ಎಲೆ ಇದೆಯೋ, ಬೋಳೋ. ಆಮೇಲೆ ಕಾಯಿ ಬಿಚ್ಚಿ ತೆರೆ ನೋಡುತ್ತೇನೆ. ಕೇಸರ ಎಣಿಸುವುದು ಕೊನೆಗೆ, ಎಸಳು ಎಣಿಸುವುದು ಅದಕ್ಕೂ ಕೊನೆಗೆ.

ಜೇವರ್ಗಿಯ ಆ ತರಗತಿಗೆ ಮತ್ತೆ ಪಾಠ ಮಾಡಲು ನನಗೆ ಅವಕಾಶವಿರಲಿಲ್ಲ. ಅಲ್ಲಿನ ವಿಜ್ಞಾನ ಶಿಕ್ಷಕರ ಮೂಲಕ ಮಕ್ಕಳಿಗೆ ಒಂದು ಚೀಟಿ ಕಳಿಸಿದೆ: ಅಂದು ನಿಮ್ಮ ಎಣಿಕೆಯೇ ಸರಿ, ನನ್ನ ಗಿಡ ತಪ್ಪು, ಹೊಡೆದು ಹಾಕಿದ 14, 17ನ್ನು ಮತ್ತೆ ಬರೆದುಕೊಳ್ಳಿ. ಮೂರನೇ ಸಾಲಿನ ಹುಡುಗಿ ಹೇಳಿದ ಹೆಸರು ಸರಿಯಾಗಿತ್ತು ಎಂದೂ ಬರೆದೆ. ಜೊತೆಗೆ ನಮ್ಮ ಹೊಲದ ಎಂಟು ಒಣ ಸಾಸಿವೆಕಾಯಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಮಳೆ ಬಿದ್ದ ಮೇಲೆ ಬದುವಿನ ಮೇಲೆ ನಾಯಿಸಾಸಿವೆ ಮತ್ತೆ ಏಳುತ್ತದೆ, ಆಗ ಎರಡೂ ಕಾಯಿಗಳನ್ನು ಪಕ್ಕದಲ್ಲಿಟ್ಟು ಬಿಚ್ಚಿಸಿ ನೋಡುವುದಾಗಿ ಆ ಶಿಕ್ಷಕರು ಹೇಳಿದ್ದಾರೆ.